ಕೊಕ್ಕು ಕೂಡದ ಹಕ್ಕಿ

ನಮ್ಮ ಹೊರಮಾವಿನ ಕೆರೆಗೆ ಆ ಹಕ್ಕಿ ಯಾವಾಗ ಬರುತ್ತದೆಂದು ಹೇಳಬಲ್ಲವರಿಲ್ಲ. ನೀರು ಇಳಿದು ಕೆಸರು ಕಾಣಿಸಿಕೊಂಡ ಕಾಲಕ್ಕೆ ಒಂದು ಬೆಳಿಗ್ಗೆ ಇರುತ್ತದೆ, ಮಾರನೆಯ ದಿನ ಇರುವುದಿಲ್ಲ. ನೆಂಟರಾದರೂ ಒಂದು ಫೋನ್ ಮಾಡಿ ಬರುತ್ತಾರೆ. ಇದಕ್ಕೆ ಆ ಸೌಜನ್ಯವೂ ಇಲ್ಲ.

ನಾನು ಅದನ್ನು ಮೊದಲು ಕಂಡದ್ದು ಅಮ್ಮನಿಗೆ ಲಕ್ವ ಹೊಡೆದ ವರ್ಷ. ಕೈಕಾಲು ಸರಿಹೋದವು, ಬಾಯಿಯ ಎಡಗಡೆ ಮಾತ್ರ ಜೋತುಬಿದ್ದೇ ಉಳಿಯಿತು. ತುಟಿ ಕೂಡುತ್ತಿರಲಿಲ್ಲ. ಭಾನುವಾರ ಎಲ್ಲರೂ ನಡುಮನೆಯಲ್ಲಿ ಸಾಲಾಗಿ ಕೂತು ಮುದ್ದೆ ಉಣ್ಣುವುದು ನಮ್ಮಲ್ಲಿ ಅಜ್ಜಿಯ ಕಾಲದ ರೂಢಿ. ಮೊದಲ ತುತ್ತು ಮನೆಯ ಹಿರಿಯರದ್ದು. ಆ ಹಿರಿಯಳೇ ಈಗ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಸಾರು ಸೋರುವುದನ್ನು ಯಾರೂ ನೋಡಬಾರದು, ಅಷ್ಟೇ. ಅವಳ ಬೆನ್ನು ನೋಡುತ್ತ ಉಂಡದ್ದು ನನ್ನ ಮೈಗೆ ಹತ್ತುತ್ತಿರಲಿಲ್ಲ. ಅವಳನ್ನು ಸಾಲಿಗೆ ಕರೆತರಲೆಂದು ಬೈದೆ, ಅತ್ತು ಕರೆದೆ, ಊಟ ಬಿಟ್ಟೆ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು.

ಬೆಳಗಿನ ಮಂಜಿನಲ್ಲಿ ಮಾತ್ರ ಕೆರೆ ಏರಿಗೆ ಬರುತ್ತಿದ್ದಳು, ಬಾಯಿಗೆ ಸೆರಗು ಅಡ್ಡ ಹಿಡಿದು. ಆ ಹೊತ್ತಿನಲ್ಲಿ ಆಚೆ ದಡದ ಅಪಾರ್ಟ್‌ಮೆಂಟುಗಳೆಲ್ಲ ಕರಗಿಹೋಗಿ, ಕೆರೆಗೆ ಕೊನೆಯೇ ಇಲ್ಲ ಎನಿಸುತ್ತಿತ್ತು. ಅಂಥ ಒಂದು ಬೆಳಿಗ್ಗೆ ಜೊಂಡಿನ ಪಕ್ಕ ಬೂದುಬಿಳಿ ಕೊಕ್ಕರೆಯೊಂದು ನಿಂತಿತ್ತು. ರೆಕ್ಕೆಯಂಚು ಕಪ್ಪು. ಕೊಕ್ಕು ಮುಚ್ಚಿದ್ದರೂ ನಡುವೆ ಸಂದು. ಆ ಸಂದಿನಲ್ಲಿ ಹಿಂದಿನ ನೀರು ಹೊಳೆಯುತ್ತಿತ್ತು.

ವಾಕಿಂಗ್ ಬಂದಿದ್ದ ಪಕ್ಕದ ಬೀದಿಯ ಹೆಂಗಸು, "ಅಯ್ಯೋ ಪಾಪ, ಗಾಳಿಪಟದ ದಾರ ತಗುಲಿರ್ಬೇಕು ರೀ. ಕೊಕ್ಕು ಮುರ್ದೋಗಿದೆ. ಯಾರನ್ನಾದ್ರೂ ಕರೆಸಿ ಹಿಡಿಸೋಣ" ಎಂದರು. ನಾನೂ ಹಾಗೇ ನಂಬಿ ಫೋನು ತೆಗೆದೆ. ಅಷ್ಟರಲ್ಲಿ ಮಂಜಿನೊಳಗಿಂದ ಇನ್ನೊಂದು ಬಂದಿಳಿಯಿತು.

ಅಮ್ಮ ನನ್ನ ಕೈ ಹಿಡಿದಳು. "ತಡಿಯೇ. ಇದರದ್ದೂ ಹಂಗೇ ಐತೆ. ಎರಡಕ್ಕೂ ಒಂದೇ ಥರ ಮುರಿಯುತ್ತೇನೇ, ಪೆದ್ದಿ?"

ಮೊದಲನೆಯದು ನೀರಿಗೆ ತಲೆಯಿಟ್ಟು ಏನೋ ತಡಕಾಡಿತು. ಬಸವನಹುಳುವನ್ನು ಚಿಪ್ಪಿನಿಂದ ಬಿಡಿಸಿ ಗುಳಕ್ಕನೆ ನುಂಗಿತು. ನಾವು ಫೋನಿನಲ್ಲಿ ಚಿತ್ರಗಳನ್ನು ಹೋಲಿಸುತ್ತ ಅಲ್ಲೇ ಕೂತೆವು. ಅದರ ಹೆಸರು ಬಾಯಿಕಳಕ ಕೊಕ್ಕರೆಯಂತೆ. ಮರಿಗೆ ಕೊಕ್ಕು ನೆಟ್ಟಗಿರುತ್ತದೆ, ಬೆಳೆದ ಮೇಲೆ ಸಂದು ಬೀಳುತ್ತದೆ ಎಂದು ಓದಿ ಹೇಳಿದೆ. ಅಮ್ಮ ಸೆರಗು ಜಾರಿದ್ದನ್ನು ಮರೆತು ಬಹಳ ಹೊತ್ತು ಆ ಕೊಕ್ಕನ್ನೇ ನೋಡಿದಳು.

ಆದರೆ ಆ ಭಾನುವಾರವೂ ಗೋಡೆಯೇ. ನನಗೆ ರೇಗಿಹೋಯಿತು. ಹಕ್ಕಿಗಳೂ ಹೊರಟುಹೋದವು.

ಮತ್ತೆ ಬಂದದ್ದು ಮುಂದಿನ ಬೇಸಿಗೆಗೆ. ಅಂದು ಭಾನುವಾರ. ಲಿಂಗರಾಜಪುರದಿಂದ ಚಿಕ್ಕಮ್ಮ ಬಂದಿದ್ದರು. ಕೆರೆಯಿಂದ ಬಂದ ಅಮ್ಮ ಊಟದ ಹೊತ್ತಿಗೆ ತನ್ನ ತಟ್ಟೆಯನ್ನು ತಾನೇ ತಂದು ಸಾಲಿನ ಮೊದಲಿಗೆ ಇಟ್ಟಳು. ಮುದ್ದೆ ಮುರಿದು, ಸೊಪ್ಪುಸಾರಿನಲ್ಲಿ ಅದ್ದಿ, ನುಂಗಿದಳು. ಸಾರು ಗದ್ದಕ್ಕೆ ಇಳಿಯಿತು. ಚಿಕ್ಕಮ್ಮ ಗಾಬರಿಯಿಂದ ಒರೆಸಲು ಟವೆಲ್ ಎತ್ತಿದರು. ಅಮ್ಮ ಆ ಕೈಯನ್ನು ಮೆಲ್ಲಗೆ ಸರಿಸಿದಳು.

"ಬಿಡೇ. ಮುರಿದಿಲ್ಲ, ಇರೋದೇ ಹಿಂಗೆ. ಉಣ್ಣಿ ಎಲ್ಲ, ಮುದ್ದೆ ಆರೋಗುತ್ತೆ."