ಸೇವಂತಿಗೆ ಮೊಗ್ಗು ಕಚ್ಚದ ವರ್ಷ

ವರಲಕ್ಷ್ಮಮ್ಮ ನೆಟ್ಟರೆ ಒಣಕಡ್ಡಿಯೂ ಚಿಗುರುತ್ತದೆ ಎಂದು ಡೆಂಕಣಿಕೋಟೆ ಸುತ್ತಿನ ಹತ್ತು ಹಳ್ಳಿ ಹೇಳುತ್ತಿತ್ತು. ಸುಳ್ಳೇಕೆ, ಆ ಮಾತು ಕೇಳಿ ಕೇಳಿ ಆಕೆಗೂ ತಲೆಗೇರಿತ್ತು. ಗಂಡ ತೀರಿಕೊಂಡ ಮೇಲೆ ಅರ್ಧ ಎಕರೆ ಸೇವಂತಿಗೆಯಲ್ಲೇ ಮಗ ಮುನೀಶನನ್ನು ಓದಿಸಿದಳು, ಹೊಸೂರಿನ ಕಾರ್ಖಾನೆಗೆ ಸೇರಿಸಿದಳು, ಮದುವೆಯನ್ನೂ ಮಾಡಿದಳು. ಸೊಸೆ ಸುಗುಣಾ ರಾಯಕೋಟೆಯವಳು. ಮಾತು ಕಡಿಮೆ, ಕಣ್ಣು ಚುರುಕು.

ಆ ಮನೆಯಲ್ಲೊಂದು ಪದ್ಧತಿ. ಸೊಸೆ ಬಂದ ವರ್ಷ ಆಷಾಢದ ಸಸಿಯನ್ನೆಲ್ಲ ಅವಳ ಕೈಯಲ್ಲೇ ನೆಡಿಸಬೇಕು. ಹೂವು ಹೇಗೋ ಅವಳ ಕೈಗುಣ ಹಾಗೆ. 2006ರಲ್ಲಿ ಸುಗುಣಾ ಬಗ್ಗಿದ ಸೊಂಟ ಎತ್ತದೆ ನಾಲ್ಕು ದಿನ ನೆಟ್ಟಳು. ಅದೇ ತಿಂಗಳು ಕಾಡಿನಿಂದ ಆನೆಗಳು ಇಳಿದು ಪಕ್ಕದ ಹೊಲದ ಕೋಸು ತುಳಿದು ಹೋದವು. ಮುನೀಶ ದೊಡ್ಡದೊಂದು ಫೋಕಸ್ ಲೈಟು ತಂದು ಕಂಬಕ್ಕೆ ಕಟ್ಟಿದ. ಸಂಜೆ ಹಾಕಿದರೆ ಬೆಳಗಿನವರೆಗೂ ತೋಟವೆಲ್ಲ ಹಗಲು. ಆನೆ ಬರಲಿಲ್ಲ. ಹೂವೂ ಬರಲಿಲ್ಲ.

ಹಗಲು ಕುಗ್ಗಿ ಇಬ್ಬನಿ ಬೀಳತೊಡಗಿದಾಗ ನೆರೆಯವರ ಸೇವಂತಿಗೆ ಮೊಗ್ಗು ಕಚ್ಚಿತು. ಇವರದು ಸೊಂಟದೆತ್ತರ ಬೆಳೆಯಿತು. ಕಪ್ಪಗೆ ಹಸಿರು, ತುದಿಯಲ್ಲಿ ಎಲೆ, ಆ ಎಲೆಯ ಮೇಲೆ ಮತ್ತೆ ಎಲೆ. ಗೊಬ್ಬರ ಬದಲಾಯಿಸಿದರು, ದೃಷ್ಟಿ ತೆಗೆದರು. ತಾನೇ ಬೆಳೆಸಿದ ತೋಟಕ್ಕೆ ಕಾಲಿಡಲು ವರಲಕ್ಷ್ಮಮ್ಮನಿಗೆ ಭಯವಾಯಿತು. ನೀರಿಗೆ ಬಂದ ಪಕ್ಕದ ಮನೆಯ ಕೊಂಡಮ್ಮ, ಈ ಸಲ ಯಾರ ಕೈಲಿ ನೆಡಿಸಿದೆ ಎಂದಷ್ಟೇ ಕೇಳಿದಳು. ಅಷ್ಟು ಸಾಕಾಯಿತು. ಅಂದಿನಿಂದ ಸುಗುಣಾ ಉಪ್ಪಿನಕಾಯಿ ಜಾಡಿ ಮುಟ್ಟುವಂತಿಲ್ಲ, ಹಾಲು ಕರೆಯುವಂತಿಲ್ಲ. ಮಗನಿಗೆ ಮುದ್ದೆ ಇಕ್ಕುವಾಗಲೂ ತಾಯಿಯದು ಅದೇ ರಾಗ: ಅವಳದು ಬಂಜೆ ಕೈ, ಹೂವೇ ಬಿಡದ ಕೈ ನಿನ್ನ ಮನೆ ಏನು ಬೆಳಗೀತು? ಮೊದಮೊದಲು ಅವನು ಎದ್ದು ಹೋಗುತ್ತಿದ್ದ. ಆಮೇಲಾಮೇಲೆ ಕೂತು ಕೇಳಿಸಿಕೊಂಡ.

ಒಂದು ಬೆಳಗ್ಗೆ ಸುಗುಣಾ ಅತ್ತೆಯನ್ನು ಪಂಪುಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಗೋಡೆಯ ಮರೆಯಲ್ಲಿದ್ದ ಏಳೆಂಟು ಗಿಡಗಳ ತುಂಬ ಮೊಗ್ಗು.

"ಇವನ್ನೂ ನಾನೇ ನೆಟ್ಟಿದ್ದು ಅತ್ತೆ. ಇಲ್ಲಿಗೆ ಲೈಟ್ ಬೀಳಲ್ಲ. ಗಿಡಕ್ಕೆ ಕತ್ಲೆ ಬೇಕೇನೋ, ಒಂದು ತಿಂಗ್ಳು ಆರಿಸಿ ನೋಡಾನ."

ಮೂವತ್ತು ವರ್ಷ ಹೂವಿನೊಳಗೇ ಬದುಕಿದವಳಿಗೆ ನಿನ್ನೆ ಬಂದವಳ ಪಾಠವೇ! ವರಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿಯಿತು. ದಸರಾ ಮುಗಿದ ಮಾರನೆಯ ದಿನವೇ, ಕರೆಯುವವರೆಗೂ ಬರಬೇಡವೆಂದು ಹೇಳಿ, ಸೊಸೆಯನ್ನು ರಾಯಕೋಟೆಯ ಬಸ್ಸು ಹತ್ತಿಸಿದಳು.

ಅದೇ ವಾರ ಸಿಡಿಲು ಬಡಿದು ಫೋಕಸ್ ಲೈಟು ಸುಟ್ಟುಹೋಯಿತು. ಮುನೀಶ ಕೊಟ್ಟಿಗೆಯ ಬಾಗಿಲಿಗೆ ರಾತ್ರಿಯಿಡೀ ಉರಿಯುವಂತೆ ಒಂದು ಬಲ್ಬು ಹಾಕಿ ಸುಮ್ಮನಾದ. ತಿಂಗಳಾಗುತ್ತಲೇ ತೋಟ ಮೊಗ್ಗು ಕಚ್ಚಿತು, ಮಾರ್ಗಶಿರಕ್ಕೆ ಅರಿಶಿನ ಚೆಲ್ಲಿದಂತಾಯಿತು. ಊರು ಮೂಗಿನ ಮೇಲೆ ಬೆರಳಿಟ್ಟಿತು. ಹೆಣ್ಣು ಹೋಯಿತು, ಹೂವು ಬಂತು ಎಂದು ವರಲಕ್ಷ್ಮಮ್ಮನೇ ಮನೆಮನೆಗೆ ಸಾರಿದಳು.

ಹೂವು ಬಿಡಿಸುತ್ತ ಬಿಡಿಸುತ್ತ ಒಂದು ದಿನ ಕೊಟ್ಟಿಗೆಯ ಕಡೆಗೆ ಬಂದಳು. ಬಲ್ಬಿನ ಬೆಳಕು ಬೀಳುವ ಸಾಲು ಇನ್ನೂ ಬರೀ ಎಲೆ. ಒಂದು ಮೊಗ್ಗಿಲ್ಲ. ತಲೆಯೆತ್ತಿ ಬಲ್ಬು ನೋಡಿದಳು. ಅಯ್ಯೋ ಶಿವನೇ, ಹುಡುಗಿ ಹೇಳಿದ್ದು ನಿಜ! ಮಡಿಲಿನ ಹೂವು ಅಲ್ಲೇ ಚೆಲ್ಲಿ ಮನೆಗೆ ಓಡಿದಳು. ಮುನೀಶ ಕೆಲಸಕ್ಕೆ ಹೊರಟಿದ್ದ.

"ಅವಳದ್ದೇನೂ ತಪ್ಪಿಲ್ಲ ಕಣ್ಲಾ. ಎಲ್ಲಾ ಆ ಲೈಟಿಂದ ಆಗಿದ್ದು. ನಾಳೇನೇ ಹೋಗಿ ಕರ್ಕೊಂಬತ್ತೀನಿ."

"ಅವಳು ಹೋದ್ಮೇಲೆ ತಾನೇ ಹೂ ಬಿಟ್ಟಿದ್ದು? ನೀನೇ ಹೇಳ್ದಲ್ಲಮ್ಮ."

ಕೈ ಹಿಡಿದು ಎಳೆದುಕೊಂಡು ಹೋಗಿ ಆ ಸಾಲು ತೋರಿಸಿದಳು. ಅವನು ನೋಡಿದ, ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಮುಟ್ಟಿದ ದೋಷ ಇನ್ನೂ ಪೂರ್ತಿ ಬಿಟ್ಟುಹೋಗಿಲ್ಲ ಅಷ್ಟೆ ಎಂದ. ಆಡಿದ ಧಾಟಿಯೂ ತಾಯಿಯದೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಸುಮ್ಮನೆ ಹೇಳುತ್ತಾರೆಯೇ? ಆಕೆ ಅತ್ತಳು, ತಪ್ಪು ನನ್ನದೆಂದು ಬಾಯಿ ಬಡಿದುಕೊಂಡಳು.

"ಬಿಡಮ್ಮ. ಮೂಕಂಡಪಲ್ಲಿಯೋರು ಹೆಣ್ಣು ಕೊಡ್ತೀವಿ ಅಂದವ್ರೆ, ನಾನೂ ಹೂಂ ಅಂದಿವ್ನಿ. ಅವಳು ಇನ್ನು ಬರೋದು ಬ್ಯಾಡ ಅಂತ ರಾಯಕೋಟೆಗೆ ನಿನ್ನೆನೇ ಹೇಳಿ ಕಳ್ಸಿದ್ದಾಯ್ತು."

ವರಲಕ್ಷ್ಮಮ್ಮ ಏನೋ ಹೇಳಲು ಹೋದಳು. ಮಗ ಆಗಲೇ ಗಾಡಿ ಸ್ಟಾರ್ಟ್ ಮಾಡಿದ್ದ.