ನಾಯಕಿಯ ಕಾಲಿಗೆ ಹೆಜ್ಜೆ ಕೊಡುವವರು

ಬೆಳಗಿನ ಐದು ಗಂಟೆ. ಪೀಠೋಪಕರಣದ ಅಂಗಡಿಯೊಂದರ ಕೆಳಗಿರುವ ನೆಲಮಾಳಿಗೆಯಲ್ಲಿ ಅರವತ್ತನಾಲ್ಕು ವರ್ಷದ ಒಬ್ಬರು ಬರಿಗಾಲಲ್ಲಿ ನಿಂತಿದ್ದಾರೆ. ಕೈಗಡಿಯಾರ ಬಿಚ್ಚಿ ಬಾಗಿಲಾಚೆ ಇಟ್ಟಾಗಿದೆ. ಜೇಬಿನಲ್ಲಿ ಒಂದು ಬೀಗದ ಕೈಯೂ ಇಲ್ಲ. ಹತ್ತು ನಿಮಿಷದ ಹಿಂದೆ ಎರಡು ಬಾಳೆಹಣ್ಣು ತಿಂದಿದ್ದಾರೆ. ಹಸಿದ ಹೊಟ್ಟೆ ಗುರುಗುಟ್ಟಿದರೆ ಮೈಕು ಅದನ್ನೂ ಬಿಡುವುದಿಲ್ಲ. ಎದುರಿನ ಪರದೆಯಲ್ಲಿ ಹೆಂಗಸೊಬ್ಬಳು ಖಾಲಿ ಮನೆಯೊಳಗೆ ನಡೆದು ಬರುತ್ತಾಳೆ. ಅವಳ ಕಾಲಿಗೆ ಸದ್ದಿಲ್ಲ. ಇವರು ಕಲ್ಲುಚಪ್ಪಡಿಯ ಮೇಲೆ ಕಾಲೂರುತ್ತಾರೆ. ಅಲ್ಲಿ ಅವಳು ಸದ್ದು ಮಾಡುತ್ತ ಬರುತ್ತಾಳೆ.

ಗಾಜಿನ ಆಚೆ ಕುಳಿತ ಸೌಂಡ್ ಇಂಜಿನಿಯರ್ ಕಿವಿಯಿಂದ ಹೆಡ್‌ಫೋನ್ ಸರಿಸುತ್ತಾರೆ. ಹದಿನೈದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವರು.

"ಮೇಷ್ಟ್ರೇ, ಇನ್ನೊಂದ್ಸಲ."

"ಎಲ್ಲಿ ತಪ್ಪಿತಪ್ಪಾ?"

"ತಪ್ಪಿಲ್ಲ. ಜೀವ ಇಲ್ಲ."

"ಬದುಕಿರೋನ ಕಾಲಲ್ಲಿ ಜೀವ ಇಲ್ಲ ಅಂತೀಯಲ್ಲೋ ಮಹಾರಾಯ!"

ಮೇಷ್ಟ್ರು ನಗುತ್ತಾರೆ. ಇಂಜಿನಿಯರ್ ನಗುವುದಿಲ್ಲ. ಅವರು ಈ ಹೆಜ್ಜೆಗಳನ್ನು ಹಳೆಯ ಒಂದು ಧ್ವನಿಮುದ್ರಣದ ಪಕ್ಕ ಇಟ್ಟು ತೂಗುತ್ತಿದ್ದಾರೆ. ಅದರಲ್ಲಿ ನಡೆಯುತ್ತಿರುವ ಹೆಂಗಸು ತೀರಿಕೊಂಡು ಒಂಬತ್ತು ವರ್ಷವಾಯಿತು. ಆಕೆ ಮೇಷ್ಟ್ರ ಹೆಂಡತಿ.

ಸಿನಿಮಾ ಮಂದಿ ಇವರನ್ನು ಕರೆಯುವುದು 'ಹೆಜ್ಜೆ ಮೇಷ್ಟ್ರು' ಎಂದೇ. ಚಿತ್ರೀಕರಣದಲ್ಲಿ ಮಾತು ಹಿಡಿಯುವ ಮೈಕು ಕಾಲಿನ ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಪರದೆಯ ಮೇಲೆ ಯಾರೇ ನಡೆಯಲಿ, ಓಡಲಿ, ಎಡವಲಿ, ಆ ಸದ್ದನ್ನು ಆಮೇಲೆ ಇಂಥ ಕೋಣೆಯಲ್ಲಿ ಒಬ್ಬರು ಕೂಡಿಸಬೇಕು. ಮೂವತ್ತೆಂಟು ವರ್ಷಗಳಿಂದ ಮೇಷ್ಟ್ರು ಮಾಡುತ್ತಿರುವುದು ಇದನ್ನೇ. ನೆಲದಲ್ಲಿ ಏಳು ಚೌಕಗಳಿವೆ: ಕಲ್ಲು, ಮರ, ಮರಳು, ಜಲ್ಲಿ, ಒಣಗಿದೆಲೆ, ತಗಡು, ಒದ್ದೆ ಮಣ್ಣು. ಗೋಡೆಗೆ ನಲವತ್ತಮೂರು ಜೊತೆ ಪಾದರಕ್ಷೆ. ದಿನಕ್ಕೆ ಎಂಟುನೂರರಿಂದ ಸಾವಿರ ಹೆಜ್ಜೆ. ಇದು ಅವರ ಅಂದಾಜು. ಯಾರೂ ಎಣಿಸಿಟ್ಟಿಲ್ಲವಾದ್ದರಿಂದ ಹೆಚ್ಚುಕಡಿಮೆ ಇರಬಹುದು. ಏಳು ಗಂಟೆಗೆ ಮೇಲಿನ ಅಂಗಡಿಯಲ್ಲಿ ಮರ ಕುಯ್ಯುವ ಯಂತ್ರ ಶುರುವಾಗುತ್ತದೆ, ರಸ್ತೆಗೆ ಬಸ್ಸುಗಳು ಬರುತ್ತವೆ. ಅಷ್ಟರೊಳಗೆ ಮೆಲ್ಲನೆಯ ಹೆಜ್ಜೆಗಳೆಲ್ಲ ಮುಗಿಯಬೇಕು.

"ಒಂದು ಜಗಳದ ಸೀನಲ್ಲಿ ಮಾವನೂ ನಾನೇ, ಅಳಿಯನೂ ನಾನೇ. ನನ್ನನ್ನ ನಾನೇ ಮನೆಯಿಂದ ಆಚೆ ಹಾಕ್ಕೊಂಡೆ," ಎನ್ನುತ್ತಾರೆ. ಆರುನೂರಕ್ಕೂ ಹೆಚ್ಚು ಚಿತ್ರಗಳಾಗಿವೆ. ಒಂದರಲ್ಲೂ ಅವರ ಹೆಸರು ತೆರೆಯ ಮೇಲೆ ನಿಲ್ಲಲಿಲ್ಲ. 'ಮತ್ತು ಇತರರು' ಎಂಬಲ್ಲಿ ಸೇರಿಕೊಂಡಿದ್ದಾರೆ.

ಹೆಂಗಸರ ನಡಿಗೆಯೆಲ್ಲ ಅವರ ಹೆಂಡತಿಯದು. ಸ್ಟುಡಿಯೋದವರು ಆಕೆಯನ್ನು 'ಅಕ್ಕ' ಎನ್ನುತ್ತಿದ್ದರು. ಅಕ್ಕನ ಬಲಗಾಲಿನ ಪಾದದ ಕೀಲು ಹುಡುಗಿಯಾಗಿದ್ದಾಗ ಮುರಿದು ಕೂಡಿಕೊಂಡಿತ್ತು. ಎಡಗಾಲನ್ನು ಗಟ್ಟಿಯಾಗಿ ಊರಿ, ಬಲಗಾಲನ್ನು ಕೂದಲೆಳೆಯಷ್ಟು ತಡವಾಗಿ ಎತ್ತುತ್ತಿದ್ದರು. ನೋಡುವವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಕೇಳುವವರಿಗೆ ಮಾತ್ರ, ಈ ಹೆಂಗಸಿನ ಮನಸ್ಸಿನಲ್ಲಿ ಏನೋ ಇದೆ ಅನ್ನಿಸುತ್ತಿತ್ತು.

ಕಟ್ಟಡದ ಎದುರಿನ ಟೀ ಅಂಗಡಿಯಲ್ಲಿ ದಿನವೂ ಒಂದೇ ವಾದ. "ಈಗಿನ ಸಿನಿಮಾ ಸಿನಿಮಾನೇ ಅಲ್ಲ. ಆಗಿನ ಕಾಲದ್ದು ನೋಡ್ಬೇಕು!" ಎಂದು ಕಾವಲುಗಾರ. "ಆಗಿನದು ನೋಡಿ ನೋಡಿ ನೀನು ಹೀಗಾಗಿರೋದು" ಎಂದು ಟೀಯವನು. ಕೊನೆಗೆ ಇಬ್ಬರೂ ಮೇಷ್ಟ್ರ ಮುಖ ನೋಡುತ್ತಾರೆ.

ಮೇಷ್ಟ್ರು ಸುಲಭಕ್ಕೆ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. "ಆಗಲೂ ಕಸ ಇತ್ತು, ಬುಟ್ಟಿಗಟ್ಟಲೆ. ಕಸಾನ ಯಾರೂ ಎತ್ತಿಡಲಿಲ್ಲ, ಅದಕ್ಕೇ ಹಳೇದೆಲ್ಲ ಚಿನ್ನ ಅನ್ಸುತ್ತೆ. ಈಗಿನ ಹುಡುಗರು ಕತೆ ಚೆನ್ನಾಗೇ ಹೇಳ್ತಾರೆ," ಎನ್ನುತ್ತಾರೆ. ಟೀ ಊದಿ ಒಂದು ಗುಟುಕು ಕುಡಿದು ಮುಂದುವರಿಸುತ್ತಾರೆ: "ಒಂದೇ ವ್ಯತ್ಯಾಸ. ಆಗ ನಟಿ ಮುಖ ನೋಡಿ ನಮ್ಮವಳು ನಡೀತಿದ್ಲು. ಅವಳು ಅತ್ತರೆ ಇವಳ ಕಾಲೂ ಸೋಲೋದು. ಈಗ ಮುಖ ಹುಟ್ಟೋಕೆ ಮುಂಚೆನೇ ಹೆಜ್ಜೆ ರೆಡಿ ಇರುತ್ತೆ."

ಅವರು ಹೇಳುತ್ತಿರುವುದು ಸ್ಟುಡಿಯೋದ ಕಂಪ್ಯೂಟರಿನಲ್ಲಿರುವ ಸದ್ದುಗಳ ಸಂಗ್ರಹದ ಬಗ್ಗೆ. ಹನ್ನೆರಡು ವರ್ಷದ ಹಿಂದೆ ಹಳೆಯ ಟೇಪುಗಳಿಂದ ಹೆಜ್ಜೆಗಳನ್ನೆಲ್ಲ ಆರಿಸಿ ಅದರಲ್ಲಿ ತುಂಬಿದರು. 'ಹೆಂಗಸು, ಚಪ್ಪಲಿ, ಮರ.' 'ಹೆಂಗಸು, ಓಟ, ಜಲ್ಲಿ.' ಹೀಗೆ ಮೂವತ್ತೊಂದು ಬಗೆ, ಎಲ್ಲವೂ ಅಕ್ಕನದು. "ನಾವೇ ಕೂತು ಖುಷಿಯಿಂದ ಹಾಕಿಕೊಟ್ವಿ. ಇವಳಿಗೆ ಮಂಡಿ ನೋವು ಶುರುವಾಗಿತ್ತು. ಇನ್ನು ಮೇಲೆ ಕೂತಲ್ಲೇ ನಡೀಬಹುದು ಅಂತ ತಮಾಷೆ ಮಾಡಿದ್ಲು." ಮೂರು ವರ್ಷದ ಮೇಲೆ ಅಕ್ಕ ತೀರಿಕೊಂಡರು. ಹೆಜ್ಜೆಗಳು ಕೆಲಸ ಬಿಡಲಿಲ್ಲ. ಈ ಒಂಬತ್ತು ವರ್ಷಗಳಲ್ಲಿ ಎಷ್ಟೋ ನಾಯಕಿಯರು, ದಾದಿಯರು, ಕಳ್ಳಿಯರು ಆ ಕಾಲಲ್ಲೇ ನಡೆದಿದ್ದಾರೆ. ಮೇಷ್ಟ್ರಿಗೆ ಅದು ಗೊತ್ತಿತ್ತು. ಮಗಳಿಗೆ ಹೇಳಿರಲಿಲ್ಲ.

ಮಗಳಿಗೆ ಈಗ ಮೂವತ್ತೊಂದು. ಔಷಧಿ ಅಂಗಡಿಯಲ್ಲಿ ಕೆಲಸ. ತಂದೆಯ ಜೊತೆಯೇ ಇದ್ದಾರೆ. ಕಳೆದ ವರ್ಷ ಗೆಳತಿಯರ ಜೊತೆ ಎಲ್ಲರ ಬಾಯಲ್ಲಿದ್ದ ಒಂದು ಹೊಸ ದೆವ್ವದ ಚಿತ್ರಕ್ಕೆ ಹೋದರು. ಅದರಲ್ಲೊಂದು ದೃಶ್ಯವಿದೆ. ನಾಯಕಿ ಖಾಲಿ ಮನೆಯಲ್ಲಿ ನಡೆದು ಬಂದು ಕಿಟಕಿಯ ಬಳಿ ನಿಲ್ಲುತ್ತಾಳೆ. ಅವಳು ನಿಂತ ಮೇಲೂ ಹೆಜ್ಜೆ ನಿಲ್ಲುವುದಿಲ್ಲ. ಒಂದು, ಎರಡು, ಮೂರು, ನಾಲ್ಕು. ಯಾರೂ ಇಲ್ಲದ ನೆಲದ ಮೇಲೆ ಬರಿಗಾಲು ನಡೆದುಹೋಗುತ್ತದೆ. ಇಡೀ ಚಿತ್ರಮಂದಿರ ಚೀರಿತು. ಮಗಳು ಚೀರಲಿಲ್ಲ. ಎದ್ದು ಮನೆಗೆ ಬಂದವರೇ, ಚಪ್ಪಲಿಯನ್ನೂ ಬಿಡದೆ ಕೇಳಿದರು: "ಅಪ್ಪಾ, ಅಮ್ಮ ಅಲ್ಲೇನ್ ಮಾಡ್ತಿದ್ದಾಳೆ?"

ಮೇಷ್ಟ್ರು ಮರುದಿನ ಇಂಜಿನಿಯರನ್ನು ಕೂರಿಸಿಕೊಂಡು ಆ ತುಣುಕು ಯಾವ ಟೇಪಿನದು ಎಂದು ಹುಡುಕಿಸಿದರು. ಇಪ್ಪತ್ತನಾಲ್ಕು ವರ್ಷದ ಹಿಂದಿನದು. ಕೇಳುತ್ತಿದ್ದಂತೆ ಆ ಬೆಳಗ್ಗೆ ಪೂರ್ತಿ ನೆನಪಾಯಿತು. ಆಗ ಮಗಳಿಗೆ ಏಳು ವರ್ಷ. ಜ್ವರ ಬಂದಿತ್ತು. ನೋಡಿಕೊಳ್ಳುವವರಿಲ್ಲದೆ ಜೊತೆಗೆ ಕರೆತಂದು ಇದೇ ಬಾಗಿಲಾಚೆಯ ಬೆಂಚಿನ ಮೇಲೆ ಮಲಗಿಸಿದ್ದರು. ಪರದೆಯ ಮೇಲಿನ ನಟಿ ನಿಂತಳು. ಅಕ್ಕ ನಿಲ್ಲಲಿಲ್ಲ. ಮಗು ನರಳಿದ್ದು ಕೇಳಿ ಪರದೆ ಮರೆತು ಬಾಗಿಲ ಕಡೆಗೆ ನಾಲ್ಕು ಹೆಜ್ಜೆ ನಡೆದುಬಿಟ್ಟರು. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ತಪ್ಪಿಲ್ಲ. ಅವತ್ತು ಇನ್ನೊಮ್ಮೆ ನಡೆದು ಕೊಟ್ಟರು. ಆದರೆ ತಪ್ಪಿದ್ದೂ ಟೇಪಿನಲ್ಲಿ ಉಳಿಯಿತು. ಸಂಗ್ರಹಕ್ಕೆ ಸೇರಿಸುವಾಗ ಕೊನೆಯ ಆ ನಾಲ್ಕು ಹೆಜ್ಜೆಯ ಬಾಲ ಕತ್ತರಿಸಲು ಯಾರಿಗೂ ಹೊಳೆಯಲಿಲ್ಲ. ದೆವ್ವದ ಚಿತ್ರದ ನಿರ್ದೇಶಕರಿಗೆ ಆ ಬಾಲವೇ ಹಿಡಿಸಿತು.

ಊರೆಲ್ಲ ಬೆಚ್ಚಿಬಿದ್ದ ಆ ನಾಲ್ಕು ಹೆಜ್ಜೆ, ಜ್ವರದ ಮಗುವಿನ ಹಣೆ ಮುಟ್ಟಲು ಹೊರಟದ್ದು.

ಇದನ್ನು ತಿಳಿದ ಮೇಲೆ ಮಗಳು ಸಿನಿಮಾಕ್ಕೆ ಹೋಗಿಲ್ಲ. ಪಕ್ಕದ ಮನೆಯ ಟಿ.ವಿ.ಯಲ್ಲಿ ಹೊಸ ಚಿತ್ರ ಬಂದರೆ ಕಿಟಕಿ ಮುಚ್ಚುತ್ತಾರೆ. "ಹಳೇ ಸಿನಿಮಾದಲ್ಲಿ ಕೇಳಿದ್ರೆ ಬೇಜಾರಿಲ್ಲ. ಅಲ್ಲಿ ಅಮ್ಮ ಬದುಕಿದ್ದು ಕೆಲ್ಸ ಮಾಡಿದಾಳೆ. ಇದರಲ್ಲಿ ಸತ್ತವಳನ್ನ ಎಬ್ಬಿಸಿ ನಡೆಸ್ತಿದ್ದಾರೆ," ಎನ್ನುತ್ತಾರೆ. ತಂದೆಯ ಹತ್ತಿರ ಅವರು ಕೇಳಿದ್ದು ಒಂದೇ ಮಾತು: "ಅವಳನ್ನ ಅಲ್ಲಿಂದ ಕರ್ಕೊಂಡ್ಬಾ ಅಪ್ಪ."

ಮೇಷ್ಟ್ರು ಸ್ಟುಡಿಯೋದ ಮಾಲೀಕರ ಬಳಿ ಹೋದರು. ಮಾಲೀಕರು ಕೆಟ್ಟವರಲ್ಲ, ಪೂರ್ತಿ ಕೇಳಿಸಿಕೊಂಡರು. ಆದರೆ ಸಂಗ್ರಹದ ನಕಲು ಈ ತಿಂಗಳ ಕೊನೆಗೆ ಬೇರೆ ಊರುಗಳ ಸ್ಟುಡಿಯೋಗಳಿಗೂ ಹೋಗುವುದಿದೆ. ಹೋದ ಮೇಲೆ ಅಕ್ಕನ ಹೆಜ್ಜೆ ಯಾವ ಊರಿನ ಯಾವ ಪರದೆಯಲ್ಲಿ ಕೇಳಿಸುತ್ತದೋ ಹೇಳಲು ಬರುವುದಿಲ್ಲ, ಹಿಂದಕ್ಕೆ ಪಡೆಯುವಂತೆಯೂ ಇಲ್ಲ. "ಮೂವತ್ತೊಂದೂ ನೀವೇ ನಡೆದು ಕೊಡಿ ಮೇಷ್ಟ್ರೇ. ಇದ್ದದ್ದಕ್ಕೆ ಸಮ ಇದ್ರೆ, ಹಳೇದು ನಿಮ್ಮೆದುರೇ ಅಳಿಸ್ತೀವಿ. ಇಲ್ದಿದ್ರೆ ನನ್ನ ಕೈಯಲ್ಲೂ ಇಲ್ಲ," ಎಂದರು.

ಮೂವತ್ತು ಬಗೆ ಮುಗಿದವು. ಉಳಿದಿರುವುದು ಒಂದು: 'ಹೆಂಗಸು, ಬರಿಗಾಲು, ಕಲ್ಲು.' ಆ ನಾಲ್ಕು ಹೆಜ್ಜೆಯಿರುವ ತುಣುಕು. ಹನ್ನೊಂದು ಬೆಳಗ್ಗೆ ಕಲ್ಲುಚಪ್ಪಡಿಯ ಮೇಲೆ ನಡೆದಿದ್ದಾರೆ. ಬಲಗಾಲಿನ ಪಾದದ ಕೀಲು ಬಾಗದಂತೆ ಬಟ್ಟೆಯ ಪಟ್ಟಿ ಬಿಗಿದು ನೋಡಿದ್ದಾರೆ. ಮನೆಯಲ್ಲಿ ಒಲೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಒಲೆಗೆ, ಆಕೆ ಓಡಾಡಿದ ದಾರಿಯಲ್ಲೇ ಅಭ್ಯಾಸ ಮಾಡಿದ್ದಾರೆ. ಮಗಳು ತನ್ನ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾರೆ. ಪ್ರತಿ ಬೆಳಗ್ಗೆಯೂ ಗಾಜಿನಾಚೆಯಿಂದ ಅದೇ ಮಾತು: ಹಳೇದೇ ಚೆನ್ನಾಗಿದೆ ಮೇಷ್ಟ್ರೇ. ತಿಂಗಳು ಮುಗಿಯಲು ಇನ್ನು ಎರಡು ದಿನ.

ಇವತ್ತು ಹನ್ನೆರಡನೆಯ ಬೆಳಗ್ಗೆ. ಗಂಟೆ ಆರೂಕಾಲು. ಮೇಲೆ ಅಂಗಡಿಯ ಬಾಗಿಲು ತೆರೆದ ಸದ್ದಾಗುತ್ತದೆ. ಮೇಷ್ಟ್ರು ಕಾಲಿನ ಪಟ್ಟಿ ಬಿಚ್ಚಿ ಬಿಸಾಡುತ್ತಾರೆ.

"ಪರದೆ ಆರಿಸಪ್ಪ."

"ಆರಿಸಿದ್ರೆ ಏನು ನೋಡಿ ನಡೀತೀರಿ?"

"ಅವಳೂ ಪರದೆ ನೋಡಿ ನಡೀಲಿಲ್ಲ ಕಣಯ್ಯ. ಬಾಗಿಲು ನೋಡಿ ನಡೆದಳು. ಇಷ್ಟು ದಿನ ನನಗದು ಹೊಳೀಲೇ ಇಲ್ಲ ನೋಡು."

ಪರದೆ ಕಪ್ಪಾಗುತ್ತದೆ. ಕೆಂಪು ದೀಪ ಹತ್ತುತ್ತದೆ. ಮೇಷ್ಟ್ರು ಮುಚ್ಚಿದ ಬಾಗಿಲಿನ ಮೇಲೆ ಕಣ್ಣು ನೆಟ್ಟು ನಡೆಯುತ್ತಾರೆ. ಎಡಗಾಲು ಊರುತ್ತದೆ, ಬಲಗಾಲು ತಡವಾಗಿ ಏಳುತ್ತದೆ. ಅವರ ಬೆನ್ನು ತುಸು ಮುಂದಕ್ಕೆ ಬಾಗಿದೆ. ಕೈಯೊಂದು ಯಾರದೋ ಹಣೆ ಮುಟ್ಟಲು ಹೋದಂತೆ ಎದ್ದಿದೆ. ಬಾಗಿಲಿಗೆ ಮೊಳದಷ್ಟು ದೂರದಲ್ಲಿ ನಿಲ್ಲುತ್ತಾರೆ.

ಇಂಜಿನಿಯರ್ ಹೆಡ್‌ಫೋನ್ ತೆಗೆದು ಗಾಜಿನತ್ತ ಬಾಗುತ್ತಾರೆ.

"ಮೇಷ್ಟ್ರೇ... ನೀವು ನಿಂತ ಮೇಲೆ ಒಂದು ಹೆಜ್ಜೆ ಇಟ್ರಾ?"

"ಇಲ್ಲವಲ್ಲ."

ಮತ್ತೆ ಹಾಕಿ ಕೇಳುತ್ತಾರೆ. ಇದೆ. ಮೆಲ್ಲನೆಯದು, ಬಲಗಾಲಿನದು. ಮೇಲಿನ ಅಂಗಡಿಯಲ್ಲಿ ಯಾರೋ ಏನೋ ಇಳಿಸಿದ ಸದ್ದೇ ಇದ್ದೀತು. ಇಷ್ಟು ಹೊತ್ತಿಗೆ ಮೇಲೆ ಜನ ಬಂದಿರುತ್ತಾರೆ. ಇಂಜಿನಿಯರ್ ಹಾಗೆಂದೇ ಹೇಳುತ್ತಾರೆ. ಹೇಳುತ್ತಲೇ ತೋಳಿನ ಕೂದಲು ಸವರಿಕೊಳ್ಳುತ್ತಾರೆ. "ಈ ಸಲ ಬಾಲ ಕತ್ತರಿಸು," ಎಂದಷ್ಟೇ ಮೇಷ್ಟ್ರು ಹೇಳುತ್ತಾರೆ.

ಹತ್ತು ಗಂಟೆಗೆ ಮಾಲೀಕರು ಬರುತ್ತಾರೆ. ಇಂಜಿನಿಯರ್ ಯಾವುದು ಯಾರದೆಂದು ಹೇಳದೆ ಎರಡನ್ನೂ ಹಾಕುತ್ತಾರೆ. ಮಾಲೀಕರು ಕಣ್ಣು ಮುಚ್ಚಿ ಕೇಳಿ, "ಎರಡನೇದು ಅಕ್ಕಂದು. ಅಷ್ಟೂ ತಿಳಿಯಲ್ವೇನ್ರೀ?" ಎನ್ನುತ್ತಾರೆ. ಎರಡನೆಯದು ಮೇಷ್ಟ್ರದು.

ಕೊಟ್ಟ ಮಾತು ನಡೆಯುತ್ತದೆ. ಕಂಪ್ಯೂಟರಿನಲ್ಲಿ ಅಕ್ಕನ ಮೂವತ್ತೊಂದು ಸಾಲುಗಳನ್ನು ಒಟ್ಟಿಗೆ ಗುರುತಿಸಿ, ಇಂಜಿನಿಯರ್ ಅಳಿಸುವ ಗುಂಡಿಯ ಮೇಲೆ ಬೆರಳನ್ನು ಹಾಗೇ ಎತ್ತಿ ಹಿಡಿಯುತ್ತಾರೆ. "ಒಂದು ನಕಲು ಮನೆಗೆ ಒಯ್ತೀರಾ ಮೇಷ್ಟ್ರೇ? ಬೇಡ ಅಂದ್ರೆ ಕೊನೇ ಸಲ ಕೇಳಿಬಿಡಿ."

ಮೇಷ್ಟ್ರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಾರೆ. "ಬೇಡ. ಹೊರಟಿದ್ದಾಳೆ. ಹೊರಟವರನ್ನ ಹಿಂದಿನಿಂದ ಕರೀಬಾರ್ದು."

ಬೆರಳು ಇಳಿಯುತ್ತದೆ.

ಕಲಿತ ನಡಿಗೆ ಮಾತ್ರ ಅಷ್ಟು ಸುಲಭವಾಗಿ ಅಳಿಯುವುದಿಲ್ಲವಂತೆ. ಅವತ್ತು ಮಧ್ಯಾಹ್ನ ಮೇಷ್ಟ್ರು ಮನೆಯ ಮೆಟ್ಟಿಲು ಹತ್ತಿ ಬಂದಾಗ ಹೆಜ್ಜೆಯ ಸದ್ದು ಕೇಳಿ ಮಗಳು ಆಗಲೇ ಬಾಗಿಲು ತೆರೆದು ನಿಂತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ. "ನೀನಾ?" ಎಂದರು. "ನಾನೇ ಕಣಮ್ಮ," ಎಂದರು ಇವರು. ಆಮೇಲಿನಿಂದ ಮೆಟ್ಟಿಲು ಹತ್ತುವಾಗ ಮೇಷ್ಟ್ರು ದೊಡ್ಡ ದನಿಯಲ್ಲಿ ಏನಾದರೂ ಹಾಡಿಕೊಳ್ಳುತ್ತಾರೆ. ರಾಗ ಅವರಿಗೆ ಒಗ್ಗದ ವಿದ್ಯೆ. ಕೆಳಮನೆಯವರು ತಕರಾರು ಹೇಳಿಯೂ ಆಗಿದೆ. "ನನ್ನ ನಡಿಗೆ ಹೆಂಗಿತ್ತು ಅಂತ ಮರೆತೇಹೋಗಿದೆ. ಹುಡುಕ್ತಿದ್ದೀನಿ. ಎಲ್ಲಿಗೆ ಹೋಗುತ್ತೆ, ಇಲ್ಲೇ ಎಲ್ಲೋ ಇರುತ್ತೆ," ಎಂದು ಪಾದ ನೋಡಿಕೊಳ್ಳುತ್ತಾರೆ.

ಆಸೆ ಏನಾದರೂ ಇದೆಯೇ ಎಂದರೆ, ಮಗಳ ಜೊತೆ ಒಂದು ಮ್ಯಾಟಿನಿ ನೋಡಬೇಕು ಎನ್ನುತ್ತಾರೆ. ಕಾಲಿನ ಕಡೆ ಕಿವಿ ಕೊಡದೆ, ಎಲ್ಲರ ಹಾಗೆ ಕತೆ ನೋಡಬೇಕು. ಹೊಸದಾದರೂ ಸರಿ, ಚೆನ್ನಾಗಿಲ್ಲದಿದ್ದರೂ ಸರಿ. ಮಗಳು ಒಪ್ಪಿದ್ದಾರೆ. ಈ ಭಾನುವಾರ ಹೋಗುತ್ತಾರೆ. ಚಿತ್ರಮಂದಿರ ಮನೆಯಿಂದ ನಡೆಯುವಷ್ಟೇ ದೂರ. ಮಗಳದು ಒಂದೇ ಷರತ್ತು.

"ನೀನು ಮುಂದೆ ನಡಿ ಅಪ್ಪ. ನನ್ನ ಹಿಂದೆ ಬರಬೇಡ."