ಟೈರೋ ಚೈನೋ

ನೋಡೋಣಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಯಾವುದಕ್ಕೂ “ನೋಡೋಣ” ಎಂದೇ ಉತ್ತರ ಕೊಡುವವನನ್ನು ಊರು ಇನ್ನೇನೆಂದು ಕರೆದೀತು? “ನನ್ನ ಮದುವೆ ಆಗ್ತೀರಾ?” ಎಂದು ಮೊದಲು ಕೇಳಿದ್ದು ಅವನ ಹೆಂಡತಿಯೇ. ಅದಕ್ಕೂ ಈ ಮಹಾರಾಯ “ನೋಡೋಣ” ಎಂದಿದ್ದ. “ನೋಡಿದ್ದು ಸಾಕು, ಬನ್ನಿ” ಎಂದು ಅವಳು ಕೈಹಿಡಿದು ಎಳೆದುಕೊಂಡು ಹೋದದ್ದರಿಂದ ಅವನಿಗೊಂದು ಸಂಸಾರವಾಯಿತು. ಇಲ್ಲದಿದ್ದರೆ ಇವತ್ತಿಗೂ ಮೀನಮೇಷ ಎಣಿಸುತ್ತಾ ಕೂತಿರುತ್ತಿದ್ದ.

ಅವನ ಕಸುಬು ಲೋಡರ್ ಓಡಿಸುವುದು. ದೊಡ್ಡ ಯಂತ್ರಗಳು ನುಗ್ಗಲಾಗದ ಗಲ್ಲಿ, ಹಿತ್ತಿಲು, ಗೋದಾಮುಗಳಲ್ಲಿ ಮಣ್ಣು, ಜಲ್ಲಿ, ಒಡೆದ ಗೋಡೆಯ ಚೂರು ಎತ್ತಿಹಾಕುವ ಪುಟ್ಟ ಗಾಡಿ ಅದು. ಒಬ್ಬ ಕೂರುವಷ್ಟು ಜಾಗ, ಮುಂದೊಂದು ಬಕೆಟ್. ಬಹುಕಾಲ ದುಡಿದ ಹಳೇ ಗಾಡಿ ಈಚೆಗೆ ಎಂಜಿನ್ ಬಿರುಕುಬಿಟ್ಟು ಗುಜರಿ ಸೇರಿತ್ತು.

ಹೊಸದಕ್ಕೆಂದು ಹೋದರೆ ಶೋರೂಮಿನ ಅಂಗಳದಲ್ಲಿ ಎರಡು ನಿಂತಿದ್ದವು. ಒಂದಕ್ಕೆ ನಾಲ್ಕು ಟೈರು. ಇನ್ನೊಂದಕ್ಕೆ ಟೈರಿನ ಬದಲು ಎರಡೂ ಕಡೆ ಅಗಲವಾದ ರಬ್ಬರ್ ಪಟ್ಟಿ. ಕಸುಬಿನವರ ಬಾಯಲ್ಲಿ ಅದು ಚೈನ್ ಗಾಡಿ. ಟೈರಿನದು ಗಟ್ಟಿ ನೆಲದಲ್ಲಿ ಚುರುಕು, ರಸ್ತೆಯ ಮೇಲೆ ತಾನೇ ಓಡಿಕೊಂಡು ಹೋಗುತ್ತದೆ, ಕೆಸರು ಕಂಡರೆ ಮಾತ್ರ ಹೂತುಕೊಳ್ಳುತ್ತದೆ. ಚೈನಿನದು ಕೆಸರಿಗೂ ಜಗ್ಗುವುದಿಲ್ಲ, ಇಳಿಜಾರಿಗೂ ಜಗ್ಗುವುದಿಲ್ಲ. ಆದರೆ ಡಾಂಬರಿನ ಮೇಲೆ ಓಡಿಸಿದರೆ ಪಟ್ಟಿ ಬೇಗ ಸವೆಯುತ್ತದೆ, ಹಾಗಾಗಿ ಲಾರಿಯ ಮೇಲೆ ಹೇರಿಕೊಂಡೇ ಹೋಗಬೇಕು. ಅದಕ್ಕೆ ತಕ್ಕ ಕೆಲಸ ಸಿಗುವುದೂ ದೂರದಲ್ಲೇ, ಕೆರೆಯಂಗಳದಲ್ಲೋ ಇಟ್ಟಿಗೆ ಭಟ್ಟಿಯ ಮಣ್ಣುಗುಂಡಿಯಲ್ಲೋ. ಹೋದರೆ ವಾರಗಟ್ಟಲೆ ಅಲ್ಲೇ ಠಿಕಾಣಿ.

ನೋಡೋಣಪ್ಪ ಕಂಡಕಂಡವರನ್ನೆಲ್ಲ ಕೇಳಿದ. ಟೈರ್ ಅಂಗಡಿ ಇಟ್ಟಿದ್ದ ಭಾವಮೈದುನ, “ಟೈರಿಂದೇ ಭಾವ, ಅದರಲ್ಲಿ ಯೋಚನೆ ಮಾಡೋಕೇನಿದೆ?” ಎಂದ. ಲಾರಿ ಓಡಿಸುತ್ತಿದ್ದ ಗೆಳೆಯ, “ಚೈನ್ ತಗೋ ಮಾರಾಯ, ಸಾಗಿಸೋಕೆ ನಾನಿಲ್ವಾ?” ಎಂದ. ಎಲ್ಲರೂ ತಂತಮ್ಮ ಮೂಗಿನ ನೇರಕ್ಕೆ ಮಾತಾಡುವವರೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು, ಇವನು ನಡುವೆ ನಿಂತು ತಲೆ ಕೆರೆದುಕೊಂಡ.

ಕೊನೆಗೆ ಹೆಂಡತಿಯನ್ನು ಕೇಳಿದ.

“ಚೈನ್,” ಎಂದಳು.

“ಯಾಕೆ?”

“ಯಾಕೂ ಇಲ್ಲ. ಸುಮ್ನೆ ಚೈನ್ ತಗೊಳ್ಳಿ.”

ಆ ಮಾತು ಅವನಿಗೆ ಚುಚ್ಚಿತು. ಚೈನ್ ಎಂದರೆ ವಾರಗಟ್ಟಲೆ ಹೊರಗೆ. ತಾನು ಮನೆಯಲ್ಲಿಲ್ಲದಿದ್ದರೇ ಇವಳಿಗೆ ನೆಮ್ಮದಿ ಎಂದಾಯಿತಲ್ಲ! ಅನುಮಾನಕ್ಕೆ ಕಾರಣವೂ ಇತ್ತೆನ್ನಿ. ಗಾಡಿ ಕೆಟ್ಟು ಮನೆಯಲ್ಲಿ ಕೂತಂದಿನಿಂದ ಅವನು ತರಕಾರಿ ಎಷ್ಟು ದಪ್ಪ ಹೆಚ್ಚಬೇಕೆಂದು ಅವಳಿಗೆ ಪಾಠ ಹೇಳಿದ್ದ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿಟ್ಟಿದ್ದ. ಮರುದಿನ ಬೆಳಿಗ್ಗೆ ಟೀಗೆ ಸಕ್ಕರೆಯ ಬದಲು ಉಪ್ಪು ಬಿದ್ದಿತ್ತು. ಆದರೂ ಇಷ್ಟು ವರ್ಷ ಜೊತೆಗಿದ್ದವಳಿಗೆ ತಾನು ಬೇಡವಾದೆನೇ ಎಂದು ಅವನು ಕೊರಗಿದ.

ಶನಿವಾರ ಸಂಜೆ ಶೋರೂಮಿನವನು ಮನೆಗೇ ಬಂದುಬಿಟ್ಟ. “ಎರಡಕ್ಕೂ ಗಿರಾಕಿ ಇದ್ದಾರೆ ಸಾರ್. ಇವತ್ತು ಒಂದು ಮಾತು ಹೇಳಿಬಿಡಿ.”

ಮಾತು ತಪ್ಪಿಸುವುದಕ್ಕೆ ನೋಡೋಣಪ್ಪನ ಬಳಿ ಒಂದು ಕತೆಯಿತ್ತು. ಊರಿನ ಎಲ್ಲ ಟೀ ಅಂಗಡಿಗಳೂ ಅದನ್ನು ಕೇಳಿ ದಣಿದಿದ್ದವು. ಹೋದ ವರ್ಷ ಇಟ್ಟಿಗೆ ಭಟ್ಟಿಯ ಹತ್ತಿರ ಒದ್ದೆ ಇಳಿಜಾರಿನಲ್ಲಿ ಟೈರ್ ಜಾರಿ, ಗಾಡಿಸಮೇತ ಅವನು ಗುಂಡಿಗೆ ಬಿದ್ದದ್ದು. ಕುತ್ತಿಗೆವರೆಗೆ ನೀರು, ಬಾಗಿಲು ಸಿಕ್ಕಿಕೊಂಡಿತ್ತು, ಗಾಜು ಒದ್ದು ಒಂದೇ ಶೂನಲ್ಲಿ ಹೊರಗೆ ತೆವಳಿದ್ದ.

“ಮೇಲೆ ಬಂದು ನೋಡ್ತೀನಿ, ತಲೆ ಮೇಲೊಂದು ಕಪ್ಪೆ! ಆಪರೇಟರ್ ಕೆಲಸ ಖಾಲಿ ಇದೆಯಾ ಅಂತ ವಿಚಾರಿಸೋಕೆ ಬಂದಿತ್ತು!”

ಶೋರೂಮಿನವನು ನಕ್ಕ. ಇಲ್ಲಿ ಹೆಂಡತಿ “ಕಪ್ಪೆ ಹತ್ರ ಲೈಸೆನ್ಸ್ ಇರಲಿಲ್ಲ, ಅದಕ್ಕೇ ಇವರನ್ನೇ ಇಟ್ಕೊಂಡ್ರು” ಎನ್ನಬೇಕು. ಪ್ರತಿ ಸಲವೂ ಹಾಗೆಂದು ನಗುತ್ತಿದ್ದಳು. ನೋಡೋಣಪ್ಪ ಕಾದ. ಅವಳು ಟೀ ತಟ್ಟೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಅವನು ಹಿಂದೆಯೇ ಹೋದ. “ನಿನ್ನ ಮಾತು ಮರೆತುಹೋಯ್ತೇನೇ?”

“ಇನ್ನೊಂದ್ಸಲ ಆ ಕಪ್ಪೆ ಕತೆ ಹೇಳಿದ್ರೆ ನಾನು ಈ ಮನೇಲಿರಲ್ಲ.”

“ದಿನಾ ನಗ್ತಿದ್ದೆಯಲ್ಲೇ!”

“ನೀವು ನಗ್ತಿದ್ರಿ, ನಾನೂ ನಕ್ಕೆ. ಅವತ್ತು ಮೈಯೆಲ್ಲ ಕೆಸರಾಗಿ ಬಾಗಿಲಲ್ಲಿ ನಿಂತಿದ್ರಲ್ಲ, ನನಗೆ ನಿಮ್ಮ ಗುರುತೇ ಸಿಗಲಿಲ್ಲ ಕಣ್ರೀ. ಯಾರೋ ಸುದ್ದಿ ಹೇಳೋಕೆ ಬಂದಿದ್ದಾರೆ ಅಂದ್ಕೊಂಡೆ.” ಅವಳ ದನಿ ನಡುಗಿತು. “ಚೈನ್ ಗಾಡಿ ಜಾರಲ್ಲ ಅಂತ ನಿಮ್ಮ ಗಾಡಿ ರಿಪೇರಿ ಮಾಡೋ ಮೆಕ್ಯಾನಿಕ್ ಹೇಳಿದ್ದ. ಅದಕ್ಕೇ ಅಂದೆ.”

ತಾನು ಊರೆಲ್ಲ ಹಂಚಿದ ನಗೆಯ ಕೆಳಗೆ ಇವಳು ಒಂದು ವರ್ಷ ಈ ಭಯ ಅದುಮಿಟ್ಟುಕೊಂಡಿದ್ದಳೆಂದು ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿತು.

“ನಾನು ಮನೇಲಿಲ್ದಿದ್ರೆ ನಿನಗೆ ನೆಮ್ಮದಿ ಅಂತ ತಿಳ್ಕೊಂಡಿದ್ದೆ.”

“ಅದೂ ಇದೆ,” ಎಂದು ಅವಳು ಮೂಗೊರೆಸಿಕೊಂಡಳು.

ಅವನು ನೇರ ಹೊರಗೆ ಬಂದು, “ಟೈರಿಂದು ಕೊಡಪ್ಪ,” ಎಂದ. ಇಷ್ಟು ಬೇಗ ಉತ್ತರ ಬಂದದ್ದಕ್ಕೆ ಶೋರೂಮಿನವನ ಬಾಯಲ್ಲಿದ್ದ ಟೀ ನೆತ್ತಿಗೇರಿತು.

ಒಳಗೆ ಪಾತ್ರೆಯೊಂದು ದಡಾರನೆ ಬಿತ್ತು. ಹೆಂಡತಿ ಬಾಗಿಲಿಗೆ ಬಂದಳು. “ಅಷ್ಟು ಹೇಳಿದ ಮೇಲೂ ಟೈರಾ?”

“ಟೈರೇ. ಗುಂಡಿ, ಕೆರೆ, ಇಳಿಜಾರು, ಯಾವುದರ ಸಹವಾಸವೂ ಬೇಡ. ಊರೊಳಗಿನ ಕೆಲಸ ಎಷ್ಟು ಸಿಗುತ್ತೋ ಅಷ್ಟೇ ಸಾಕು. ದಿನಾ ಸಂಜೆ ಮನೆಗೆ ಬರ್ತೀನಿ.”

“ದಿನಾನಾ?”

“ದಿನಾ.”

ಅವಳು ಒದ್ದೆ ಕಣ್ಣಿನಲ್ಲೇ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಡಬ್ಬಿಗಳ ತಂಟೆಗೆ ಬರಲ್ಲ ತಾನೇ?”

“ನೋಡೋಣ,” ಎಂದ.